ಮೂರನೆಯ ಸುತ್ತು

ಓಮರು
4 ಜೂನ್ 1973

ರೋನಾ,

ಇದರ ಜೊತೆಗೆ ಒಂದು ಮುರಿದ ಬೋಲ್ಟ್ ಇದೆ. ಲಕೋಟೆ ಹರಿಯಬಾರದೆಂದು ನಿನ್ನ ಅಮ್ಮ ಅದನ್ನು ಉಣ್ಣೆಯ ತುಂಡಿನಲ್ಲಿ ಸುತ್ತಿದ್ದಾಳೆ. ಎಸೆಯಬೇಡ, ನೋಡು.

ವಿಷಯ ಇಷ್ಟು. ಗ್ಯಾರೇಜ್ ಬಿಟ್ಟ ಮೇಲೆ ನಾನು ಕೈಕಟ್ಟಿ ಕುಳಿತಿಲ್ಲ. ಕುರೋ ಹತ್ತಿರದ ಒಂದು ಕುರಿ ಫಾರ್ಮಿನ ಕೋಳಿಗೂಡಿನಲ್ಲಿ 1924ರ ಟೂರರ್ ಕಾರೊಂದು ಬಿದ್ದಿತ್ತು. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಫಾರ್ಮಿನವನು, "ಕೋಳಿ ಬೇಕಾದ್ರೆ ಬೇರೆ ಮಾತು. ಕಾರನ್ನ ಸುಮ್ನೆ ಎಳ್ಕೊಂಡು ಹೋಗು ಮಾರಾಯ, ಜಾಗ ಖಾಲಿಯಾದ್ರೆ ಸಾಕು" ಎಂದ. ಎಂಜಿನ್ ಕಳೆದ ಚಳಿಗಾಲದಲ್ಲಿ ಮುಗಿಯಿತು. ಬಣ್ಣವೂ ಆಯಿತು, ಕಡುನೀಲಿ. ಈಗ ಉಳಿದಿರುವುದು ಗೇರ್‌ಬಾಕ್ಸ್ ಒಂದೇ. ಹಲ್ಲುಚಕ್ರಗಳೆಲ್ಲ ಹೊಸದರಂತಿವೆ. ನೋಡಿದರೆ ನಿನಗೂ ಬಾಯಲ್ಲಿ ನೀರೂರುತ್ತದೆ.

ನವೆಂಬರ್ ಹದಿನೇಳಕ್ಕೆ ಹಳೆಯ ಕಾರುಗಳ ಸಂಘದವರು ಡಾನ್ಸೀಸ್ ಘಾಟಿ ಹತ್ತಿ ನೇಸ್‌ಬಿಗೆ ಹೋಗುತ್ತಾರೆ. ನಮ್ಮ ಕಾರಿನ ಹೆಸರೂ ಬರೆಸಿದ್ದೇನೆ. ಆದರೆ ಮುಂದಿನ ಬೇರಿಂಗಿನ ಮುಚ್ಚಳ ಬಿಗಿಯುವಾಗ ಈ ಬೋಲ್ಟ್ ಕಟ್ಟಾಯಿತು. ಈಗಿನ ಉಕ್ಕಿಗೆ ಸತ್ವವೇ ಇಲ್ಲ. ಹೊಲಗಳಿಗೆ ಗೊಬ್ಬರ ಎರಚುವ ನಿಮ್ಮ ವಿಮಾನಗಳ ಷೆಡ್ಡಿನಲ್ಲಿ ಒಳ್ಳೆಯ ಬೋಲ್ಟ್ ಇರುತ್ತವಲ್ಲ, ಇದೇ ಅಳತೆಯವು ಆರು ಕಳಿಸು. ಹಣ ಕಳಿಸುತ್ತೇನೆ.

ನಿನ್ನ ಅಮ್ಮ ಚೆನ್ನಾಗಿದ್ದಾಳೆ. ಷೆಡ್ಡಿನ ಅಡಿಯಲ್ಲಿ ಈ ವರ್ಷವೂ ಪೆಂಗ್ವಿನ್ ಜೋಡಿಯೊಂದು ಬಂದು ಸೇರಿಕೊಂಡಿದೆ. ಗಲಾಟೆಯೋ ಗಲಾಟೆ.

ನಿನ್ನ ತಂದೆ,
ಮರ್ಡೊ ಗೆಡ್ಡಿಸ್


ಮಾಸ್ಟರ್‌ಟನ್
18 ಜೂನ್ 1973

ಅಪ್ಪ,

ಲಕೋಟೆಯ ಮೇಲೆ ನಿಮ್ಮ ಅಕ್ಷರ ನೋಡಿ ಅಮ್ಮನಿಗೇನೋ ಆಯಿತೆಂದು ಎದೆ ಧಸಕ್ಕೆಂದಿತು. ಒಡೆದರೆ ಉಣ್ಣೆಯೊಳಗಿಂದ ಬೋಲ್ಟ್ ಉರುಳಿತು! ನಿಂತಲ್ಲೇ ನಕ್ಕೆ. ಮೂರು ವರ್ಷದ ಮೇಲೆ ಮಗಳಿಗೆ ಬೋಲ್ಟ್ ಕಳಿಸುವ ಅಪ್ಪ ಈ ದೇಶದಲ್ಲಿ ನೀವೊಬ್ಬರೇ ಇರಬೇಕು.

ನಿಮ್ಮ ಗ್ಯಾರೇಜಿನಲ್ಲಿ ಎಂಟು ವರ್ಷ ಕೆಲಸ ಮಾಡಿದವಳು ನಾನು. ಅದು ಲಿಂಡ್ಸೆಗೆ ಮಾರಾಟವಾದದ್ದು ನನಗೆ ತಿಳಿದದ್ದು ಹೊಸ ಬೋರ್ಡ್ ಬರೆಯಲು ಬಂದವನಿಂದ. ಆ ಮಾತು ಇಲ್ಲಿ ಬೇಡ. ಬೋಲ್ಟಿನ ಮಾತೇ ಆಡೋಣ.

ಅದನ್ನು ಭೂತಗನ್ನಡಿ ಹಿಡಿದು ನೋಡಿದೆ. ಸಡಿಲವಾಗಿ ಅಲುಗಾಡಿ, ಸವೆದು ಮುರಿದ ಬೋಲ್ಟಿನ ಮುಖ ನುಣುಪಾಗಿರುತ್ತದೆ. ಮರಳಿನ ಮೇಲೆ ಅಲೆ ಬಿಟ್ಟುಹೋದಂಥ ಗೆರೆಗಳಿರುತ್ತವೆ. ಕೆಟ್ಟ ಉಕ್ಕು ಬಿಸ್ಕತ್ತಿನಂತೆ ಟಪ್ಪೆಂದು ಮುರಿಯುತ್ತದೆ. ನಿಮ್ಮದು ಎರಡೂ ಅಲ್ಲ. ಕುತ್ತಿಗೆ ಸಣ್ಣಗಾಗಿದೆ, ಜಗ್ಗಿದ ಟಾಫಿಯಂತೆ ತಿರುಚಿಕೊಂಡಿದೆ. ಇದನ್ನು ಯಾರೋ ಮಿತಿ ಮೀರಿ ಬಿಗಿದಿದ್ದಾರೆ. ನಮ್ಮ ಹ್ಯಾಂಗರಿನ ಹಿರಿಯ ಹೇಮಿ ಪರಾವೋನೆಗೂ ತೋರಿಸಿದೆ. "ಯಾರಮ್ಮ ಇದನ್ನ ಬಿಗಿದಿದ್ದು, ಎತ್ತಾ?" ಎಂದ. ನಮ್ಮಪ್ಪ ಎಂದು ಹೇಳಲಿಲ್ಲ.

ಎಂಟು ವರ್ಷದಲ್ಲಿ ನಿಮ್ಮ ಕೈಯಲ್ಲಿ ಒಂದು ಬೋಲ್ಟ್ ಮುರಿದದ್ದನ್ನೂ ನಾನು ಕಂಡಿಲ್ಲ. "ಬೋಲ್ಟ್ ಸಾಕು ಅಂದಾಗ ಕೈಗೆ ಕೇಳಿಸುತ್ತೆ" ಎಂದು ಹೇಳಿಕೊಟ್ಟವರೇ ನೀವು. ಷೆಡ್ಡಿಗೆ ಬೇರೆ ಯಾರನ್ನಾದರೂ ಬಿಟ್ಟುಕೊಂಡಿದ್ದೀರಾ?

ಹೊಸ ಬೋಲ್ಟ್ ಕಳಿಸುವ ಮೊದಲು ಅದೇ ಜೊತೆಯ ಮುರಿಯದ ಬೋಲ್ಟ್ ಮೂರು ಕಳಿಸಿ. ಪರೀಕ್ಷೆ ಮಾಡುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಏನನ್ನೂ ಬಿಗಿಯಬೇಡಿ. ಕಡುನೀಲಿಯ ಮೇಲೆ ಕುಂಚದಲ್ಲಿ ಕೆನೆಬಣ್ಣದ ತೆಳು ಗೆರೆ ಎಳೆದಿದ್ದೀರಾ ಇಲ್ಲವಾ? ಅದನ್ನು ಬರೆದೇ ಇಲ್ಲ!

ನಿಮ್ಮ ಮಗಳು,
ರೋನಾ


ಓಮರು
2 ಜುಲೈ 1973

ರೋನಾ,

ಷೆಡ್ಡಿಗೆ ಯಾರೂ ಬಂದಿಲ್ಲ. ನಾನೇ ಬಿಗಿದದ್ದು. ಸರಿಯಾಗಿಯೇ ಬಿಗಿದೆ. ನಿಮ್ಮ ಹೇಮಿಗೆ ಹೇಳು, ಅವನು ಹುಟ್ಟುವ ಮೊದಲೇ ಈ ಎತ್ತು ಗೇರ್‌ಬಾಕ್ಸ್ ಜೋಡಿಸುತ್ತಿತ್ತು ಎಂದು.

ಬಿಗಿಯಬೇಡಿ ಎಂದು ನೀನು ಬರೆದದ್ದು ಬಂದು ಸೇರಿದಾಗ ತಡವಾಗಿತ್ತು. ಮುರಿದ ತುಂಡನ್ನು ಕೊರೆದು ಹೊರತೆಗೆದು, ತೂತಿನೊಳಗಿನ ತಿರುಪುಗೆರೆಗಳನ್ನು ಸರಿಮಾಡಿ, ಮತ್ತೆ ಕೂಡಿಸಿ ಬಿಗಿದೆ. ಈ ಸಲ ಬೋಲ್ಟ್ ಮುರಿಯಲಿಲ್ಲ. ಗೇರ್‌ಬಾಕ್ಸಿನ ಪೆಟ್ಟಿಗೆಯಲ್ಲಿ ಬೋಲ್ಟ್ ಕೂರುವ ಕಿವಿಯೇ ಸೀಳಿತು. ಅಲ್ಯೂಮಿನಿಯಂ. ಸೀಳಿದ ಸದ್ದು ಕೇಳಿ ನಿನ್ನ ಅಮ್ಮ ಅಡುಗೆಮನೆಯಿಂದ ಓಡಿಬಂದಳು. ನಾನು ಬೈದದ್ದನ್ನು ಕೇಳಿ ವಾಪಸ್ಸು ಓಡಿದಳು.

ರಾನ್‌ಫರ್ಲಿಯಲ್ಲಿ ಒಬ್ಬನ ಬಳಿ ಇದೇ ಕಾರಿನ ಇನ್ನೊಂದು ಪೆಟ್ಟಿಗೆ ಇತ್ತು. ಬಸ್ಸಿನಲ್ಲಿ ಹೋಗಿ ತಂದೆ. ಸಂಘದವರೆಲ್ಲ ಹುಡುಕಿದ್ದಾರೆ, ದಕ್ಷಿಣದ ಈ ದ್ವೀಪದಲ್ಲಿ ಮತ್ತೊಂದಿಲ್ಲ. ಇದೂ ಸೀಳಿದರೆ ಕಾರು ಮತ್ತೆ ಕೋಳಿಗಳಿಗೆ.

ಮೂರು ಬೋಲ್ಟ್ ಇಟ್ಟಿದ್ದೇನೆ. ಪರೀಕ್ಷೆ ಮಾಡಿ ಸೋಲೊಪ್ಪಿಕೋ.

ಕೆನೆಬಣ್ಣದ ಗೆರೆ ಎಳೆದಿಲ್ಲ. ಯಾಕೆಂದು ಕೇಳಬೇಡ.

ಮರ್ಡೊ ಗೆಡ್ಡಿಸ್


ಮಾಸ್ಟರ್‌ಟನ್
20 ಜುಲೈ 1973

ಅಪ್ಪ,

ಸೋತಿಲ್ಲ. ಅಲ್ಯೂಮಿನಿಯಂ ದಿಮ್ಮಿಯೊಂದಕ್ಕೆ ಅದೇ ತಿರುಪುಗೆರೆ ಕೊರೆದು ನಿಮ್ಮ ಮೂರು ಬೋಲ್ಟನ್ನೂ ಬಿಗಿದು ನೋಡಿದೆ. ಇಡೀ ಹ್ಯಾಂಗರು ಸುತ್ತ ನಿಂತಿತ್ತು. ಚಹಾದ ಹೊತ್ತು ಮುಗಿದರೂ ಒಬ್ಬರೂ ಕದಲಲಿಲ್ಲ. ಬೋಲ್ಟುಗಳ ಉಕ್ಕು ಚಿನ್ನದಂಥದ್ದು. ಮೊದಲು ಕೈಕೊಡುವುದು ಅಲ್ಯೂಮಿನಿಯಮ್ಮಿನ ತಿರುಪುಗೆರೆ, ಅದೂ ಮೂವತ್ತು ಅಡಿ-ಪೌಂಡ್ ಬಲದ ಹತ್ತಿರ. ಅದರ ಮೂರರಲ್ಲಿ ಎರಡು ಪಾಲು ಹಿಡಿದರೆ ನಿಮ್ಮ ಗುರಿ ಇಪ್ಪತ್ತು. ಆ ಮೊದಲ ಬೋಲ್ಟಿನ ಕುತ್ತಿಗೆ ಹಾಗೆ ಸಣ್ಣಗಾಗಬೇಕಾದರೆ, ಅದು ಎಲ್ಲೋ ಸಿಕ್ಕಿಕೊಂಡಿದ್ದರೂ ಬಿಡದೆ ಜಗ್ಗಿರಬೇಕು.

ಪಾರ್ಸಲ್ ಬೇರೆ ಬರುತ್ತಿದೆ. ಅದರಲ್ಲಿ ನೀವು ಕೇಳಿದ ಆರು ಬೋಲ್ಟಿನ ಜೊತೆ ಒಂದು ಟಾರ್ಕ್ ವ್ರೆಂಚ್ ಇದೆ. ಹಿಡಿಯ ಹತ್ತಿರ ಒಂದು ಪಟ್ಟಿ, ಅದರ ಮೇಲೆ ಓಡುವ ಮುಳ್ಳು. ಎಷ್ಟು ಬಲ ಬೀಳುತ್ತಿದೆ ಎಂದು ಮುಳ್ಳು ತೋರಿಸುತ್ತದೆ. ನೀವು ಇಂಥದ್ದನ್ನು ಗ್ಯಾರೇಜಿಗೆ ಸೇರಿಸುತ್ತಿರಲಿಲ್ಲ, ಗೊತ್ತು. ಈಗ ಸೇರಿಸಿ.

ಮೊದಲು ತೂತುಗಳನ್ನು ಒರೆಸಿ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆ ನಿಂತಿದ್ದರೆ ಬೋಲ್ಟ್ ಇಳಿದಂತೆ ಎಣ್ಣೆಗೆ ಹೋಗಲು ಜಾಗವಿರುವುದಿಲ್ಲ, ಅದೇ ಪೆಟ್ಟಿಗೆಯನ್ನು ಸೀಳುತ್ತದೆ. ಆಮೇಲೆ ಎಲ್ಲ ಬೋಲ್ಟನ್ನೂ ಬೆರಳಿನಲ್ಲೇ ತಿರುಗಿಸಿ ಕೂಡಿಸಿ. ಪಕ್ಕಪಕ್ಕದ್ದನ್ನು ಬಿಗಿಯಬೇಡಿ, ಒಂದಾದ ಮೇಲೆ ಅದರ ಎದುರಿನದು, ಹಾಗೆ ಅಡ್ಡಡ್ಡ ಹೋಗಿ. ಒಂದೇ ಸಲಕ್ಕೆ ಇಪ್ಪತ್ತಕ್ಕೆ ಏರಿಸಬೇಡಿ. ಮೊದಲ ಸುತ್ತು ಏಳು, ಎರಡನೆಯ ಸುತ್ತು ಹದಿನಾಲ್ಕು, ಮೂರನೆಯದು ಇಪ್ಪತ್ತು. ಪ್ರತಿ ಸುತ್ತು ಮುಗಿದಾಗ ಶಾಫ್ಟನ್ನು ಕೈಯಿಂದ ತಿರುಗಿಸಿ. ಹಗುರವಾಗಿ ತಿರುಗಬೇಕು. ಬಿಗಿ ಅನ್ನಿಸಿದರೆ ಅಲ್ಲೇ ನಿಲ್ಲಿಸಿ.

ಇನ್ನೊಂದು ಮಾತು. ನಮ್ಮಲ್ಲಿ ಒಬ್ಬರು ಬಿಗಿದದ್ದನ್ನು ಇನ್ನೊಬ್ಬರು ನೋಡಿ ಸಹಿ ಹಾಕದೆ ವಿಮಾನ ಏಳುವುದಿಲ್ಲ. ಮಾರ್ಚಿನಲ್ಲಿ ನನಗೆ ಆ ಸಹಿಯ ಹಕ್ಕು ಬಂತು. ನಿಮಗಿಬ್ಬರಿಗೂ ತಿಳಿಸಿರಲಿಲ್ಲ.

ಅಪ್ಪ, ನಿಮ್ಮ ಎರಡು ಪತ್ರಗಳನ್ನೂ ಮೇಜಿನ ಮೇಲೆ ಹರಡಿಕೊಂಡಿದ್ದೇನೆ. ಅಕ್ಷರಗಳು ಎಡಕ್ಕೆ ವಾಲಿವೆ. ನಿಮ್ಮ ಕೈಬರಹ ಎಂದೂ ಹಾಗಿರಲಿಲ್ಲ. ಕೆನೆಬಣ್ಣದ ಗೆರೆ ಎಳೆಯದ ನೀವು, ಬೋಲ್ಟ್ ಮುರಿದ ನೀವು... ನಿಮ್ಮ ಬಲಗೈಗೆ ಏನಾಗಿದೆ?

ರೋನಾ


ಓಮರು
30 ಆಗಸ್ಟ್ 1973

ನನ್ನ ಮುದ್ದು ರೋನಾ,

ಅಪ್ಪನ ಉತ್ತರಕ್ಕೆ ಕಾದು ಕಾದು ಸಾಕಾಗಿರಬೇಕು ನಿನಗೆ. ಅವನು ಬರೆಯುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಇವತ್ತು ಅವನಿಗೆ ಹೇಳಿಯೇ ಬರೆಯುತ್ತಿದ್ದೇನೆ.

ಏಪ್ರಿಲಿನಲ್ಲಿ ಒಂದು ಬೆಳಿಗ್ಗೆ ಅವನ ಕೈಯಿಂದ ಚಹಾದ ಕಪ್ಪು ಜಾರಿತು. ಅವನು ಇನ್ನೂ ಹಿಡಿದುಕೊಂಡಿದ್ದೇನೆ ಎಂದೇ ಕೂತಿದ್ದ, ರೋನಾ. ನೆಲದ ಮೇಲೆ ಚೂರು ನೋಡಿ, "ಅದು ಯಾರದು?" ಎಂದು ಕೇಳಿದ. ಮಿದುಳಿನ ಸಣ್ಣ ರಕ್ತನಾಳವೊಂದು ಕಟ್ಟಿಕೊಂಡಿತ್ತೆಂದು ಡಾಕ್ಟರು ಹೇಳಿದರು. ಮಾತು, ನಡೆ ಎಲ್ಲ ಸರಿಯಾಯಿತು. ಬಲಗೈಯ ಬಲವೂ ಹಾಗೇ ಇದೆ. ಸ್ಪರ್ಶ ಮಾತ್ರ ಹೋಯಿತು. ಬಿಸಿ ಪಾತ್ರೆ ಹಿಡಿದರೂ ತಿಳಿಯುವುದಿಲ್ಲ, ಸ್ಪ್ಯಾನರ್ ಹಿಡಿದರೂ ತಿಳಿಯುವುದಿಲ್ಲ. ನಿನಗೆ ಬರೆಯಬೇಡ ಎಂದು ನನ್ನ ಬಾಯಿ ಕಟ್ಟಿಹಾಕಿದ್ದ. ನಾಲ್ಕು ತಿಂಗಳು ನಾನು ನಿನಗೆ ಹವಾಮಾನ ಬರೆದೆ.

ನಿನ್ನ ಪಾರ್ಸಲ್ ಬಂದು ಅಡುಗೆಮನೆಯ ಬೀರುವಿನ ಮೇಲೆ ಕೂತಿತು. ಅವನು ಅದನ್ನು ನೋಡುವನು, ಚಹಾ ಕುಡಿಯುವನು, ಷೆಡ್ಡಿಗೆ ಹೋಗಿ ಬಾಗಿಲು ಹಾಕಿಕೊಳ್ಳುವನು. ಅಲ್ಲಿ ಏನೂ ಮಾಡುತ್ತಿರಲಿಲ್ಲ. ಸುತ್ತಿಗೆಯ ಸದ್ದಿಲ್ಲದ ಷೆಡ್ಡು ಎಷ್ಟು ಕೆಟ್ಟದ್ದು ಎಂದು ನನಗೆ ಗೊತ್ತಿರಲಿಲ್ಲ.

ಮೊನ್ನೆ ಮಂಗಳವಾರ ಅವನು ಕೂದಲು ಕತ್ತರಿಸಿಕೊಳ್ಳಲು ಥೇಮ್ಸ್ ಬೀದಿಗೆ ಹೋದ. ನಾನು ಪಾರ್ಸಲ್ ಬಿಚ್ಚಿದೆ. ನಿನ್ನ ಪತ್ರ ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ಷೆಡ್ಡಿಗೆ ಹೋದೆ. ತೂತುಗಳಿಗೆ ಹಳೆಯ ಬನಿಯನ್ನಿನ ಬಟ್ಟೆ ತುರುಕಿ ಒರೆಸಿದೆ. ಒಂದರಲ್ಲಿ ನಿಜವಾಗಿಯೂ ಎಣ್ಣೆ ತುಂಬಿತ್ತು! ಬೋಲ್ಟುಗಳನ್ನು ಬೆರಳಿನಲ್ಲಿ ತಿರುಗಿಸಿ ಇಳಿಸುತ್ತಿದ್ದೆ, ಅಷ್ಟರಲ್ಲಿ ಬಾಗಿಲಲ್ಲಿ ಅವನು.

"ಏನ್ ಮಾಡ್ತಿದ್ದೀಯ ಎಫಿ?"

"ಗೇರ್‌ಬಾಕ್ಸ್ ಜೋಡಿಸ್ತಿದ್ದೀನಿ."

"ಅದು ಕೇಕ್ ಅಲ್ಲ ಕಣೇ!"

"ಕೇಕ್ ಆಗಿದ್ರೆ ಜೂನ್‌ನಲ್ಲೇ ಮುಗಿಸ್ತಿದ್ದೆ. ನಿನ್ನ ಹಾಗೆ ಪಾತ್ರೆ ಒಡ್ಕೊಂಡು ಕೂರ್ತಿರ್ಲಿಲ್ಲ."

ಅವನ ಮುಖ ಕೆಂಪಾಯಿತು. ನಾನು ನಿಲ್ಲಿಸಲಿಲ್ಲ. ನಿನ್ನ ವ್ರೆಂಚ್ ಎತ್ತಿಕೊಂಡು ಮೊದಲ ಬೋಲ್ಟಿಗೆ ಸಿಕ್ಕಿಸಿದೆ.

"ಮುಳ್ಳು ಕೆಳಗಾಗಿ ಹಿಡಿದಿದ್ದೀಯ. ಓದೋದು ಹೇಗೆ? ಮಲಗ್ಕೊಂಡಾ?"

"ಹಾಗಾದ್ರೆ ನೀನೇ ಹಿಡಿ. ಮುಳ್ಳು ನಾನು ನೋಡ್ತೀನಿ."

ಅವನು ಕದಲಲಿಲ್ಲ. ಬಲಗೈ ಕೋಟಿನ ಜೇಬಿನಲ್ಲೇ ಇತ್ತು. "ನಂಗೆ ಏನೂ ಗೊತ್ತಾಗಲ್ಲ ಎಫಿ" ಎಂದ. ಏಪ್ರಿಲ್‌ನಿಂದ ಆ ಮಾತು ಅವನ ಬಾಯಿಂದ ಬಂದಿರಲಿಲ್ಲ. ಡಾಕ್ಟರ ಮುಂದೆಯೂ ಬಂದಿರಲಿಲ್ಲ.

"ನಿಂಗೆ ಗೊತ್ತಾಗೋದೇ ಬೇಡ. ನೀನು ಎಳಿ. ಗೊತ್ತಾಗೋ ಕೆಲಸ ನಂದು."

ಕೋಟು ತೆಗೆದು ಮೊಳೆಗೆ ಹಾಕಿದ. ಆಮೇಲಿನದನ್ನು ನೀನು ನೋಡಬೇಕಿತ್ತು! ಅವನು ಎಳೆಯುವುದು, ನಾನು ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಕೂಗುವುದು. "ಐದು... ಆರು... ನಿಲ್ಲಿಸು!" "ಏಳು ಅಲ್ವಾ?" "ಏಳಕ್ಕೆ ಬಂದಾಗ ನಿಲ್ಲಿಸು ಅಂದ್ರೆ ನೀನು ಎಂಟಕ್ಕೆ ನಿಲ್ಲಿಸ್ತೀಯ, ನಂಗೊತ್ತಿಲ್ವಾ ನಿನ್ನ?" ಎರಡನೆಯ ಬೋಲ್ಟು ಅಂತ ಅವನು ಪಕ್ಕದ್ದಕ್ಕೆ ಹೋದ. ಕೈಗೆ ಹೊಡೆದೆ. ಹೊಡೆದದ್ದು ಅವನಿಗೆ ತಿಳಿಯಲಿಲ್ಲ, ನೋಡಿ ತಿಳಿದುಕೊಂಡ. ಇಬ್ಬರೂ ನಕ್ಕೆವು. ಆ ನಗುವಿಗೆ ಷೆಡ್ಡಿನ ಕೆಳಗಿನ ಪೆಂಗ್ವಿನ್ನೂ ಕಿರುಚಿತು.

ಮೊದಲ ಸುತ್ತಾದ ಮೇಲೆ ಶಾಫ್ಟ್ ಬೆಣ್ಣೆಯ ಹಾಗೆ ತಿರುಗಿತು. ಅಡ್ಡಡ್ಡ ಯಾಕೆ ಬಿಗಿಯಬೇಕೆಂದು ನನಗೆ ಯಾರೂ ಹೇಳಬೇಕಾಗಲಿಲ್ಲ. ಒಂದು ಬದಿ ಬಿಗಿಯಾಗಿ ಹೆಣೆದು ಇನ್ನೊಂದು ಬದಿ ಸಡಿಲ ಬಿಟ್ಟರೆ ಸ್ವೆಟರು ಸೊಟ್ಟಗಾಗುವುದಿಲ್ಲವೇ! ಎರಡನೆಯ ಸುತ್ತು, ಹದಿನಾಲ್ಕು. ತಿರುಗಿಸಿದರೆ ಶಾಫ್ಟ್ ಗಟ್ಟಿ. ಮಿಸುಕಲಿಲ್ಲ.

ಅವನ ದವಡೆ ಬಿಗಿಯಿತು. "ಇನ್ನೊಂದ್ಸಲ ಎಳೆದ್ರೆ ಕೂತ್ಕೊಳುತ್ತೆ" ಎಂದ. ನಾನು ವ್ರೆಂಚ್ ಕಿತ್ತುಕೊಂಡು ಬೆನ್ನ ಹಿಂದೆ ಹಿಡಿದೆ.

"ನಿಲ್ಲಿಸು ಅಂತ ರೋನಾ ಬರೆದಿದ್ದಾಳೆ."

ನನ್ನನ್ನು ನೋಡಿದ. ಪೆಟ್ಟಿಗೆಯನ್ನು ನೋಡಿದ. ಕೊನೆಗೆ, "ಬರೆದಿದ್ದಾಳೆ ಅಂದ್ಮೇಲೆ ನಿಲ್ಲಿಸ್ಬೇಕು" ಎಂದು ಸ್ಟೂಲ್ ಎಳೆದುಕೊಂಡು ಕೂತ.

ಈಗ ಹೇಳು ಮಗಳೇ, ಯಾಕೆ ಗಟ್ಟಿಯಾಯಿತು? ಬೇಗ ಬರೆ. ಇಬ್ಬರಿಗೂ ಊಟ ಸೇರುತ್ತಿಲ್ಲ. 

ಪ್ರೀತಿಯ
ಅಮ್ಮ

ನಿನ್ನ ಸಹಿಯ ವಿಷಯ ಇಡೀ ಬೀದಿಗೆ ಹೇಳಿಯಾಯಿತು.


ಮಾಸ್ಟರ್‌ಟನ್
5 ಸೆಪ್ಟೆಂಬರ್ 1973

ಅಮ್ಮ,

ನಿನ್ನ ಪತ್ರವನ್ನು ವಿಮಾನದ ರೆಕ್ಕೆಯ ಕೆಳಗೆ ಕೂತು ಓದಿದೆ. ಅತ್ತೆ, ನಕ್ಕೆ, ಮತ್ತೆ ಅತ್ತೆ. ಮುಖದ ಮೇಲೆಲ್ಲ ಗೊಬ್ಬರದ ಪುಡಿ ಕೆಸರಾಯಿತು. ಏಪ್ರಿಲಿನ ವಿಷಯ ನನಗೆ ತಿಳಿಸದಿದ್ದಕ್ಕೆ ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಬೇಕು. ಗೇರ್‌ಬಾಕ್ಸ್ ಮುಗಿದ ಮೇಲೆ ಮಾಡಿಕೊಳ್ಳುತ್ತೇನೆ.

ಯಾಕೆ ಗಟ್ಟಿಯಾಯಿತು ಎಂದು ಹೇಮಿಯನ್ನೂ ಕೇಳಿದೆ. ಇಬ್ಬರಿಗೂ ಹೊಳೆದದ್ದು ಒಂದೇ. ರಾನ್‌ಫರ್ಲಿಯ ಪೆಟ್ಟಿಗೆ ಬೇರೆ ಕಾರಿನದು. ಅದರಲ್ಲಿ ಬೇರಿಂಗ್ ಕೂರುವ ಗುಳಿ ಕೂದಲೆಳೆಯಷ್ಟು ಕಡಿಮೆ ಆಳವಿರಬೇಕು. ಹಾಗಾಗಿ ಮುಚ್ಚಳ ಬಿಗಿದಂತೆಲ್ಲ ಅದು ಬೇರಿಂಗನ್ನೇ ಅದುಮುತ್ತಿದೆ. ನೀವು ಎಳೆದಿದ್ದರೆ ಈ ಕಿವಿಯೂ ಹೋಗುತ್ತಿತ್ತು. ನೀನು ಪೆಟ್ಟಿಗೆ ಉಳಿಸಿದೆ, ಅಮ್ಮ!

ಮುಚ್ಚಳದ ಅಡಿಗೆ ಕಾಗದದ ಪ್ಯಾಕಿಂಗ್ ಕೊಡಿ. ಕಂದು ಕಾಗದ ಸಾಕು. ಮುಚ್ಚಳವನ್ನು ಅದರ ಮೇಲಿಟ್ಟು ಗೆರೆ ಎಳೆದು ಕತ್ತರಿಸು. ನಿನ್ನ ಕತ್ತರಿಯೇ ಒಳ್ಳೆಯದು. ಒಂದು ಪದರ ಹಾಕಿ ಬಿಗಿದು ತಿರುಗಿಸಿ. ಸಾಲದಿದ್ದರೆ ಇನ್ನೊಂದು. ಹಾಗೆಂದು ಹೆಚ್ಚೂ ಬೇಡ, ಶಾಫ್ಟ್ ಹಿಂದೆಮುಂದೆ ಆಡಬಾರದು. ಬಿಚ್ಚುವಾಗಲೂ ಅಡ್ಡಡ್ಡವೇ, ಸ್ವಲ್ಪಸ್ವಲ್ಪವೇ. ಒಂದೇ ಬದಿ ಬಿಚ್ಚಿದರೆ ಮುಚ್ಚಳ ಸೊಟ್ಟಗಾಗುತ್ತದೆ.

ಅಪ್ಪನಿಗೆ ಹೇಳು: ನಮ್ಮ ಹ್ಯಾಂಗರಿನಲ್ಲಿ ಎರಡೂ ಕೈ ಗಟ್ಟಿಯಿರುವ ಹದಿನೆಂಟು ಜನ ಇದ್ದೇವೆ. ಒಬ್ಬರನ್ನೂ ಬರೀ ಕೈ ನಂಬಿ ಬಿಗಿಯಲು ಬಿಡುವುದಿಲ್ಲ. ಎಲ್ಲರೂ ಮುಳ್ಳನ್ನೇ ನೋಡುತ್ತೇವೆ.

ಪ್ರೀತಿಯ
ರೋನಾ


ಓಮರು
24 ಸೆಪ್ಟೆಂಬರ್ 1973

ರೋನಾ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ನಿನಗೆ ಮೊದಲೇ ಗೊತ್ತು. ಬಲಗೈ ಸರಿಯಿಲ್ಲ. ಬರೆದಾಯಿತು, ಮುಗಿಯಿತು.

ಈಗ ಕೇಳು! ತಿರುಗಿತು! ಕಿರಾಣಿ ಅಂಗಡಿಯ ಚೀಲದ ಕಾಗದ. ಒಂದು ಪದರಕ್ಕೆ ಬಿಗಿ, ಎರಡಕ್ಕೆ ಸ್ವಲ್ಪ ಬಿಗಿ, ಮೂರನೆಯದು ಹಾಕಿ ಇಪ್ಪತ್ತಕ್ಕೆ ಎಳೆದು ಶಾಫ್ಟನ್ನು ಒಂದು ಬೆರಳಿನಿಂದ ದೂಡಿದೆ. ತಿರುಗಿತು ತಿರುಗಿತು, ತಿರುಗುತ್ತಲೇ ಹೋಯಿತು. ಹಿಂದೆಮುಂದೆ ಆಟವಿಲ್ಲ. ನಿನ್ನ ಅಮ್ಮ ನನ್ನ ಟೋಪಿ ಕಿತ್ತು ಮೇಲಕ್ಕೆಸೆದಳು. ಅದು ತೊಲೆಗೆ ಸಿಕ್ಕಿಕೊಂಡಿದೆ, ಇನ್ನೂ ಅಲ್ಲೇ ಇದೆ.

ನಲವತ್ತು ವರ್ಷ ನಾನು ಬೋಲ್ಟನ್ನು ಕೈಯಲ್ಲಿ ಕೇಳಿದೆ. ಈಗ ಕಣ್ಣಲ್ಲಿ ಕೇಳುತ್ತಿದ್ದೇನೆ. ಅದೂ ನಿನ್ನ ಅಮ್ಮನ ಕಣ್ಣು. ಸಂಘದ ಸಭೆಯಲ್ಲಿ ಕಾರ್ಯದರ್ಶಿ ಬೇಸಿಲ್, "ಮುಳ್ಳು ನೋಡ್ಕೊಂಡು ಬಿಗಿಯೋದು ಗುಮಾಸ್ತರ ಕೆಲಸ ಮರ್ಡೊ" ಎಂದ. "ನಿನ್ನ ಕಾರು ಎಣ್ಣೆ ಸೋರಿಸೋದನ್ನ ನೋಡಿದ್ರೆ ನಿಂಗೊಬ್ಬ ಗುಮಾಸ್ತ ಬೇಕು" ಎಂದೆ. ವ್ರೆಂಚ್ ಎಲ್ಲಿ ಸಿಗುತ್ತದೆ ಎಂದು ಆಮೇಲೆ ಮೂವರು ಗುಟ್ಟಾಗಿ ಕೇಳಿದರು.

ನಿನ್ನ ಸಹಿಯ ವಿಷಯ ನಾನೂ ಒಬ್ಬರಿಗೆ ಹೇಳಿದೆ. ಗ್ಯಾರೇಜಿಗೆ ಹೋಗಿ ಲಿಂಡ್ಸೆಗೆ ಹೇಳಿದೆ. ಅವನ ಕೆಲಸಗಾರರೆಲ್ಲ ಕೇಳುವ ಹಾಗೆ, ಎಂಜಿನಿನ ಸದ್ದು ನಿಲ್ಲುವವರೆಗೆ ಕಾದು ಹೇಳಿದೆ.

ಇನ್ನು ಉಳಿದಿರುವುದು ಮೇಲಿನ ಮುಚ್ಚಳ. ಏಳು ಆಯಿತು, ಹದಿನಾಲ್ಕು ಆಯಿತು. ಅಲ್ಲಿಗೆ ನಿಲ್ಲಿಸಿದ್ದೇನೆ. ಒಬ್ಬರು ಬಿಗಿದದ್ದನ್ನು ಇನ್ನೊಬ್ಬರು ನೋಡಬೇಕು ಎಂದು ಬರೆದಿದ್ದೀಯಲ್ಲ. ಇಲ್ಲಿ ಇನ್ನೊಬ್ಬರಿಲ್ಲ. ನಿನ್ನ ಅಮ್ಮನೂ ನಾನೂ ಸೇರಿಯೇ ಒಬ್ಬರು. ಮೂರನೆಯ ಸುತ್ತು ಹಾಗೇ ಇರುತ್ತದೆ.

ಡಾಕ್ಟರು ನನ್ನ ಡ್ರೈವಿಂಗ್ ನಿಲ್ಲಿಸಿದ್ದಾರೆ. ಘಾಟಿಗೆ ಯಾರು ಓಡಿಸುವುದೋ ಗೊತ್ತಿಲ್ಲ. ಅದು ಆಮೇಲಿನ ಮಾತು.

ಅಪ್ಪ


ಮಾಸ್ಟರ್‌ಟನ್
2 ಅಕ್ಟೋಬರ್ 1973

ಅಪ್ಪ,

ಮುಟ್ಟಬೇಡಿ. ಮುಚ್ಚಳವನ್ನು ಯಾರೂ ಮುಟ್ಟಬೇಡಿ!

ಈ ತಿಂಗಳ ಕಾರ್ಮಿಕರ ದಿನದ ರಜೆಗೆ ಬರುತ್ತಿದ್ದೇನೆ. ವಸಂತದಲ್ಲಿ ಇಲ್ಲಿ ವಿಮಾನಗಳಿಗೆ ಬಿಡುವಿಲ್ಲ, ಮೂರು ದಿನ ಸಿಕ್ಕಿದ್ದೇ ದೊಡ್ಡದು. ನವೆಂಬರಿಗೆ ಬರಲಾಗುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ಶುಕ್ರವಾರ ಹಡಗು, ಶನಿವಾರದ ರೈಲು. ಚೀಸ್ ರೋಲ್ ಮಾಡಿಡಲು ಅಮ್ಮನಿಗೆ ಹೇಳಿ, ಬೆಣ್ಣೆ ಧಾರಾಳವಾಗಿ. ನನ್ನ ಹಳೆಯ ಮೇಲಂಗಿ ಎಲ್ಲಿದೆಯೋ ಹುಡುಕಿಡಿ.

ರೋನಾ


ಮಾಸ್ಟರ್‌ಟನ್
29 ಅಕ್ಟೋಬರ್ 1973

ಅಪ್ಪ, ಅಮ್ಮ,

ತಲುಪಿದೆ. ಉಗುರಿನ ಸಂದಿಯಲ್ಲಿ ನಿಮ್ಮ ಗೇರ್ ಎಣ್ಣೆಯ ವಾಸನೆ ಇನ್ನೂ ಇದೆ. ತೊಳೆಯಲು ಮನಸ್ಸಿಲ್ಲ. ಹೇಮಿ, "ನಿನ್ನ ಮುಖ ನೋಡಿದ್ರೆ ಯಾರೋ ನಿಂಗೊಂದು ವಿಮಾನ ಕೊಟ್ಟ ಹಾಗಿದೆ" ಎಂದ.

ಅಮ್ಮ, ಘಾಟಿಗೆ ಕಾರು ಓಡಿಸುವವಳು ನೀನು, ಅಭ್ಯಾಸ ಬಿಡಬೇಡ. ಬಂದರಿನ ರಸ್ತೆಯಲ್ಲಿ ನೀನು ಗೇರು ಇಳಿಸಿದ್ದು ಮೂರನೆಯ ದಿನಕ್ಕೆ ನನಗಿಂತ ಚೆನ್ನಾಗಿತ್ತು. ನೆನಪಿರಲಿ: ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಒಂದಿಷ್ಟು ಎಂಜಿನ್ ಏರಿಸು, ಮತ್ತೆ ಕ್ಲಚ್, ಆಮೇಲೆ ಗೇರು. ಅವಸರ ಬೇಡ. ಚಕ್ರಗಳು ಒಂದೇ ವೇಗಕ್ಕೆ ಬಂದಾಗ ತಾವೇ ಸೇರಿಕೊಳ್ಳುತ್ತವೆ.

ಅಪ್ಪ, ಕಾರು ಇಪ್ಪತ್ತು ಮೈಲಿ ಓಡಿದ ಮೇಲೆ, ಗೇರ್‌ಬಾಕ್ಸ್ ಪೂರ್ತಿ ತಣ್ಣಗಾದಾಗ, ಒಂದೊಂದೇ ಬೋಲ್ಟಿಗೆ ವ್ರೆಂಚ್ ಹಾಕಿ ನೋಡಿ. ಕಾಗದ ಅದುಮಿಕೊಂಡು ಒಂದೆರಡು ಸಡಿಲವಾಗಿರುತ್ತವೆ. ಅವನ್ನು ಇಪ್ಪತ್ತಕ್ಕೆ ತನ್ನಿ. ಸಹಿ ನನ್ನದು, ಮರ್ಯಾದೆಯ ಪ್ರಶ್ನೆ.

ರೈಲು ನಿಲ್ದಾಣದಲ್ಲಿ ನೀವು ಏನೋ ಹೇಳಲು ಎರಡು ಸಲ ಬಾಯಿ ತೆರೆದಿರಿ. ಎರಡು ಸಲವೂ ರೈಲಿನ ಚಕ್ರದ ಬಗ್ಗೆ ಮಾತಾಡಿದಿರಿ. ಪರವಾಗಿಲ್ಲ ಅಪ್ಪ. ಮುಚ್ಚಳದ ಕೊನೆಯ ಬೋಲ್ಟ್ ಎಳೆಯುವಾಗ ನೀವು ದೀಪ ಹಿಡಿದುಕೊಂಡು ಒಂದು ಮಾತನ್ನೂ ಆಡಲಿಲ್ಲ. ನನ್ನ ಕೆಲಸದ ಹತ್ತಿರ ನಿಂತು ನೀವು ಏನನ್ನೂ ಹೇಳದೆ ಇದ್ದದ್ದು ಅದೇ ಮೊದಲು. ನನಗೆ ಅರ್ಥವಾಯಿತು.

ಪ್ರೀತಿಯ
ರೋನಾ


ಓಮರು
18 ನವೆಂಬರ್ 1973

ರೋನಾ, ರೋನಾ, ರೋನಾ!

ಹತ್ತಿದೆವು! ಮೈಯೆಲ್ಲ ಧೂಳು, ತೋಳೆಲ್ಲ ನೋವು, ಅಕ್ಷರ ಕುಣಿಯುತ್ತಿದ್ದರೆ ಕ್ಷಮಿಸು.

ಹೊರಡುವಾಗ ಇಪ್ಪತ್ತೊಂದು ಕಾರು. ಬೇಸಿಲ್ ನನ್ನನ್ನು ಸ್ಟಿಯರಿಂಗ್ ಹಿಂದೆ ಕಂಡು, "ಮರ್ಡೊ, ಇನ್ಶೂರೆನ್ಸ್ ಕಟ್ಟಿದ್ದೀಯಾ?" ಎಂದು ಕೇಳಿದ. ಅಪ್ಪ ಉತ್ತರ ಕೊಡುವ ಮೊದಲೇ ನಾನು ಕಾರು ಹೊರಡಿಸಿದೆ. ಕೆನೆಬಣ್ಣದ ಗೆರೆ ಚೆನ್ನಾಗಿ ಬಂದಿದೆ ಎಂದು ಎಲ್ಲರೂ ಹೊಗಳಿದರು. ಅದನ್ನು ಎಳೆದವಳು ಉತ್ತರದ ದ್ವೀಪದಲ್ಲಿ ವಿಮಾನಕ್ಕೆ ಸಹಿ ಹಾಕುತ್ತಾಳೆ ಎಂದು ಅಪ್ಪ ಕೇಳಿದವರಿಗೂ ಕೇಳದವರಿಗೂ ಹೇಳಿದ.

ಡಂಟ್ರೂನ್ ಊರು ದಾಟುವವರೆಗೆ ಅವನ ಕಾಲು ನೆಲಹಲಗೆಯ ಮೇಲೆ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. "ನಿಧಾನ ಎಫಿ", "ಬಲಕ್ಕೆ ಎಫಿ", "ಕುರಿ ಎಫಿ". ಘಾಟಿಯ ಬುಡದಲ್ಲಿ ಜಲ್ಲಿರಸ್ತೆ ಶುರುವಾಯಿತು. ನಮ್ಮ ಮುಂದಿನ ಎರಡು ಕಾರು ಹೊಗೆಯುಗುಳಿ ಬದಿಗೆ ನಿಂತವು. ಕಡಿದಾದ ತಿರುವು ಬಂತು, ಕಾರು ಏದುಸಿರು ಬಿಟ್ಟಿತು, ಒಂದನೇ ಗೇರಿಗೆ ಇಳಿಸಲೇಬೇಕು. ಕ್ಲಚ್, ನ್ಯೂಟ್ರಲ್, ಏರಿಸಿದೆ, ಕ್ಲಚ್, ಗೇರು ಹಾಕಿದರೆ ಕರ್ರ್ ಎಂದಿತು. ಹಿಡಿಯಲಿಲ್ಲ. ಕಾರು ಹಿಂದಕ್ಕೆ ಜಾರತೊಡಗಿತು. ಪಕ್ಕದಲ್ಲಿ ಪ್ರಪಾತ.

"ಎಫಿ!" ಎಂದು ಕೂಗಿದ. ಆಮೇಲೆ, ರೋನಾ, ಬಾಯಿ ಮುಚ್ಚಿಕೊಂಡ. ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ನೇರವಾಗಿ ಮುಂದೆ ನೋಡಿದ. ನಾನು ಬ್ರೇಕ್ ತುಳಿದು ನಿಲ್ಲಿಸಿದೆ. ಉಸಿರು ಎಳೆದುಕೊಂಡು ಒಂದನೇ ಗೇರು ಹಾಕಿದೆ. ಚಕ್ರಗಳು ಕೂತ ಸದ್ದು ಕೇಳಬೇಕಿತ್ತು ನೀನು, ಒಳ್ಳೆಯ ಬೀಗ ಬಿದ್ದ ಹಾಗೆ! ಕಾರು ಮುಂದಕ್ಕೆ ನೆಗೆಯಿತು. ತುದಿಯವರೆಗೆ ಮತ್ತೆ ಒಮ್ಮೆಯೂ ಸೊರಗಲಿಲ್ಲ.

ತುದಿಯಲ್ಲಿ ನಿಲ್ಲಿಸಿದಾಗ ಅಪ್ಪ ಇಳಿದು, ಹೊಸ ಕೋಟಿನಲ್ಲೇ ಜಲ್ಲಿಯ ಮೇಲೆ ಮಲಗಿ ಕಾರಿನಡಿಗೆ ತೂರಿದ. ಬೇಸಿಲ್ ಬಂದು, "ಸೋರ್ತಿದ್ಯಾ?" ಎಂದು ಆಸೆಯಿಂದ ಕೇಳಿದ. ಅಪ್ಪ ಎದ್ದು ಎರಡೂ ಅಂಗೈ ತೋರಿಸಿದ. ಒಂದು ತೊಟ್ಟು ಎಣ್ಣೆಯಿಲ್ಲ.

ಇಳಿಯುವಾಗ ಅವನು ಬಲ ಅಂಗೈಯನ್ನು ಗೇರ್ ಕೋಲಿನ ಬುಡದಲ್ಲಿ, ಆ ಮುಚ್ಚಳದ ಮೇಲಿನ ಹಲಗೆಗೆ ಒತ್ತಿದ. "ಏನಾದ್ರೂ ಗೊತ್ತಾಗುತ್ತಾ?" ಎಂದು ಕೇಳಿದೆ. "ಇಲ್ಲ" ಎಂದ. ಸ್ವಲ್ಪ ದೂರ ಹೋದ ಮೇಲೆ, "ಸದ್ದು ಮಾತ್ರ ಸರಿಯಾಗಿದೆ" ಎಂದ.

ಆಮೇಲೆ ಮಾತಿಲ್ಲ. ನಿಧಾನ ಎಫಿ ಇಲ್ಲ, ಕುರಿ ಎಫಿ ಇಲ್ಲ. ನನಗೆ ಭಯವಾಯಿತು. ಏಪ್ರಿಲಿನ ಹಾಗೆ ಮತ್ತೇನಾದರೂ ಆಯಿತೇ ಎಂದು ತಿರುವು ಕಳೆದು ಅವನ ಕಡೆ ನೋಡಿದೆ. ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ಬೇರೆಯವರು ಓಡಿಸುವ ಕಾರಿನಲ್ಲಿ ಕಣ್ಣರೆಪ್ಪೆ ಮಿಟುಕಿಸದವನು ಅವನು. ನೇಸ್‌ಬಿಯ ಇಳಿಜಾರಿನಲ್ಲಿ, ನಾನು ಓಡಿಸುತ್ತಿರುವಾಗ, ಟೋಪಿ ಮೂಗಿನ ಮೇಲೆ ಜಾರಿ, ಬಾಯಿ ತೆರೆದುಕೊಂಡು, ಗೊರಕೆ ಹೊಡೆಯುತ್ತಾ ನಿದ್ದೆ ಹೋಗಿದ್ದ.

ಗುಂಡಿಗಳನ್ನು ತಪ್ಪಿಸುತ್ತಾ ಆದಷ್ಟು ಮೆಲ್ಲಗೆ ಇಳಿಸಿದೆ.

ಪ್ರೀತಿಯ
ಅಮ್ಮ

ಪತ್ರ ಓದಿದೆ. ನಿನ್ನ ಅಮ್ಮ ಬರೆದದ್ದೆಲ್ಲ ನಿಜ, ಕೊನೆಯದೊಂದು ಬಿಟ್ಟು. ನಾನು ನಿದ್ದೆ ಮಾಡಿರಲಿಲ್ಲ. ಗೇರ್‌ಬಾಕ್ಸನ್ನು ಕೇಳುತ್ತಿದ್ದೆ.
— ಅಪ್ಪ